ಆ ಮನೆಯಲ್ಲಿ ಹಗಲಿಡೀ ಇರುವವರು ಯಾರು?

ಪತ್ರ: ನಗರದ ಅಂಚಿನ ಬಡಾವಣೆಯಲ್ಲಿ ಒಂದು ಮನೆ ನೋಡಿದ್ದೇವೆ. ಭಾನುವಾರ ಮಧ್ಯಾಹ್ನ ಹೋಗಿದ್ದೆವು, ಎಲೆ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಎರಡೂ ಪಕ್ಕ ಖಾಲಿ ಸೈಟು. ಆಫೀಸಿಗೆ ಈಗ 20 ನಿಮಿಷ ಸಾಕು, ಅಲ್ಲಿಂದ ಒಂದು ಗಂಟೆ ಬೇಕು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗ ಮೂರನೇ ಕ್ಲಾಸು, ಅಮ್ಮ ಜೊತೆಗಿದ್ದಾರೆ. ಈ ತಿಂಗಳೇ ಅಡ್ವಾನ್ಸ್ ಕೊಡೋಣ ಅಂತಿದ್ದೇವೆ. ಸರಿ ಅಲ್ವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಯ ಬಗ್ಗೆ ಅಷ್ಟು ಬರೆದಿದ್ದೀರಿ, ಅಮ್ಮನ ಬಗ್ಗೆ ಇರುವುದು ಎರಡೇ ಪದ. ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಇರುವವರು ಅವರೇ. ನೀವು ಬೆಳಿಗ್ಗೆ ಹೋಗಿ ಸಂಜೆ ಬರುತ್ತೀರಿ, ಮಗ ಸ್ಕೂಲಿಗೆ ಹೋಗುತ್ತಾನೆ. ನಿಮಗೆ ಇಷ್ಟವಾದ ಆ ಮೌನದಲ್ಲಿ ಹಗಲು ಕಳೆಯಬೇಕಾದವರು ಅಮ್ಮ.

ಇದು ನನ್ನ ಮನೆಯಲ್ಲೇ ಆದದ್ದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಾವೂ ಗದ್ದಲ ಸಾಕಾಗಿ ಹೀಗೇ ದೂರದ ಬಡಾವಣೆಗೆ ಹೋದೆವು. ಅಪ್ಪ ಮೊದಲ ವಾರ ಖುಷಿಯಾಗಿದ್ದರು. ಆಮೇಲೆ ದಿನಾ ಗೇಟಿಗೆ ಕೈ ಇಟ್ಟು ನಿಲ್ಲತೊಡಗಿದರು. ಒಂದು ಸಂಜೆ ನಾನು ಶೂ ಬಿಚ್ಚುತ್ತಿದ್ದಾಗ ಅವರು, ‘ಇವತ್ತು 11 ಗಾಡಿ ಹೋದವು, ನಿನ್ನೆ 9’ ಎಂದರು. ದೂರಲಿಲ್ಲ, ಸುಮ್ನೆ ಹೇಳಿದರು ಅಷ್ಟೆ. ಅವರು ಗೇಟಿನ ಕಬ್ಬಿಣದ ಮೇಲೆ ಕೈ ಇಡುತ್ತಿದ್ದ ಜಾಗದಲ್ಲಿ ಬಣ್ಣ ಸವೆದಿತ್ತು, ಅದು ನನ್ನ ಕಣ್ಣಿಗೆ ಬಿದ್ದದ್ದೂ ಅವತ್ತೇ.

ಹಾಗಂತ ಶಾಂತ ಜಾಗ ಬೇಡ ಅಂತ ನಾನು ಹೇಳುತ್ತಿಲ್ಲ. ನಿದ್ದೆಗೆ ನಿಶ್ಶಬ್ದ ಬೇಕೇ ಬೇಕು. ಮಲಗುವ ಕೋಣೆಯೊಳಗೆ ಸತತವಾದ ಸದ್ದು 30 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ, ಅದು ಹೆಚ್ಚುಕಡಿಮೆ ಪಿಸುಮಾತಿನಷ್ಟು. ಆದರೆ ನೀವು ಕೇಳಿಸಿಕೊಂಡದ್ದು ಭಾನುವಾರ ಮಧ್ಯಾಹ್ನದ ನಿಶ್ಶಬ್ದ. ಬಿಸಿಲಿನಲ್ಲಿ ನೆಲ ಕಾದಿರುತ್ತದೆ, ಮೇಲಿನ ಗಾಳಿ ತಂಪಾಗಿರುತ್ತದೆ, ಆಗ ದೂರದ ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಇದು ತಿರುಗುಮುರುಗಾಗುತ್ತದೆ: ನೆಲದ ಹತ್ತಿರ ತಂಪು, ಮೇಲೆ ಬೆಚ್ಚಗೆ, ಸದ್ದು ಕೆಳಕ್ಕೆ ಬಾಗುತ್ತದೆ. ಹಗಲು ಇದೆ ಅಂತಲೇ ಗೊತ್ತಾಗದ ಹೆದ್ದಾರಿಯೋ ರೈಲೋ ರಾತ್ರಿ ಹಾಸಿಗೆಯ ಪಕ್ಕದಲ್ಲೇ ಹೋದ ಹಾಗೆ ಕೇಳಬಹುದು. ಅದಕ್ಕೆ ವಾರದ ಮಧ್ಯೆ ಒಂದು ರಾತ್ರಿ ಹತ್ತರ ಮೇಲೆ ಹೋಗಿ, ಮಲಗುವ ಕೋಣೆಯ ಕಿಟಕಿ ತೆಗೆದು ಹತ್ತು ನಿಮಿಷ ಮಾತಾಡದೆ ನಿಲ್ಲಿ. ಬೀಗದ ಕೈ ರಾತ್ರಿ ಕೊಡಲ್ಲ ಅಂದರೆ ಗೇಟಿನ ಹೊರಗೆ ನಿಂತರೂ ಸಾಕು.

ಇನ್ನು ಆ ಖಾಲಿ ಸೈಟುಗಳು. ಅವುಗಳಿಗೂ ಯಾರೋ ಮಾಲೀಕರು ಇದ್ದಾರೆ, ಅವರೂ ನಿಮ್ಮ ಹಾಗೆ ಮನೆಯ ಕನಸು ಕಂಡವರೇ. ಇವತ್ತಲ್ಲ ನಾಳೆ ಕಟ್ಟುತ್ತಾರೆ. ಆಗ ಕಲ್ಲು ಕತ್ತರಿಸುವ ಮಷೀನು, ಧೂಳು, ಎರಡೂ ಕಡೆ ಸೇರಿದರೆ ವರ್ಷಗಟ್ಟಲೆ. ಅದು ಮುಗಿಯುತ್ತದೆ ಬಿಡಿ, ಅಕ್ಕಪಕ್ಕದವರೂ ಸಿಗುತ್ತಾರೆ, ಅಮ್ಮನಿಗೆ ಅದೇ ಒಳ್ಳೆಯದೂ ಆಗಬಹುದು. ನನಗೆ ಅದಕ್ಕಿಂತ ಭಯ ಇರುವುದು ನಕ್ಷೆಯಲ್ಲಿ ಏನಿದೆಯೋ ಎಂದು. ಊರಿನ ಯೋಜನಾ ನಕ್ಷೆಯಲ್ಲಿ ಆ ರಸ್ತೆಯನ್ನು ಮುಂದೆ ಅಗಲ ಮಾಡುತ್ತಾರಾ, ಹಿಂದಿನ ಜಾಗ ವಾಣಿಜ್ಯಕ್ಕೆ ಗುರುತಾಗಿದೆಯಾ, ಇದನ್ನು ಬ್ರೋಕರ್ ಬಾಯಲ್ಲಿ ಕೇಳಬೇಡಿ, ನೀವೇ ಕಚೇರಿಗೆ ಹೋಗಿ ಕಣ್ಣಾರೆ ನೋಡಿ.

ಓಡಾಟದ ಲೆಕ್ಕವನ್ನೂ ಒಂದು ಸಲ ಕೂತು ಹಾಕಿ. ದಿನಕ್ಕೆ 80 ನಿಮಿಷ ಜಾಸ್ತಿ. ವರ್ಷಕ್ಕೆ 250 ಕೆಲಸದ ದಿನ ಅಂದುಕೊಂಡರೆ 333 ಗಂಟೆ, ಅಂದರೆ ಸುಮಾರು 14 ಪೂರ್ತಿ ಹಗಲು ರಾತ್ರಿ. ಇದು ಒಬ್ಬರದ್ದು. ನೀವಿಬ್ಬರೂ ಹೀಗೆ ತಡವಾಗಿ ಬಂದರೆ ಸ್ಕೂಲಿಂದ ಬಂದ ಮಗನನ್ನು ನೋಡಿಕೊಳ್ಳುವುದೂ ಅಮ್ಮನ ತಲೆ ಮೇಲೇ ಬೀಳುತ್ತದೆ. ಅವರನ್ನು ಇದನ್ನು ಕೇಳಿದ್ದೀರಾ?

ಆದ್ದರಿಂದ ಈ ತಿಂಗಳು ಅಡ್ವಾನ್ಸ್ ಬೇಡ. ಅದೇ ಬಡಾವಣೆಯಲ್ಲಿ ಬಾಡಿಗೆ ಮನೆ ಸಿಕ್ಕರೆ ಆರು ತಿಂಗಳು ಇದ್ದು ನೋಡಿ, ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸಿಗದಿದ್ದರೆ ಒಂದು ಕೆಲಸದ ದಿನ ರಜೆ ಹಾಕಿ ಅಮ್ಮನನ್ನು ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿಗೆ ಕರೆದುಕೊಂಡು ಹೋಗಿ. ಆ ಗೇಟಿನಿಂದ ಬಸ್ ಸ್ಟಾಪಿಗೆ, ಅಲ್ಲಿಂದ ಔಷಧಿ ಅಂಗಡಿಗೆ ಅವರು ತಮ್ಮ ಪಾಡಿಗೆ ನಡೆಯಲಿ, ನೀವು ಸ್ವಲ್ಪ ಹಿಂದೆ ಇರಿ. ಎಷ್ಟು ಹೊತ್ತಾಯಿತು, ಎಲ್ಲಿ ಕೂತರು, ದಾರಿಯಲ್ಲಿ ಯಾರಾದರೂ ಮಾತಾಡಿಸಿದರಾ ಅಂತ ನೋಡಿಕೊಂಡು ನನಗೆ ಇನ್ನೊಂದು ಪತ್ರ ಬರೆಯಿರಿ.