ಓದುಗರ ಪ್ರಶ್ನೆ: ನವಾಹೊ ಭಾಷೆಯ ಬಿಗಿ ವ್ಯಂಜನಗಳು

ಪ್ರಶ್ನೆ: ಅಮೆರಿಕದ ನವಾಹೊ ಭಾಷೆಯಲ್ಲಿ ‘ಎಜೆಕ್ಟಿವ್’ ಎಂಬ ವ್ಯಂಜನಗಳಿವೆಯೆಂದು ಓದಿದೆ. ಮನೆಯಲ್ಲಿ ಕೊಂಕಣಿ ಆಡುವ ನಮಗೆ ಖ, ಥ ಹೊಸವಲ್ಲ. ಇವೂ ಮಹಾಪ್ರಾಣಗಳೇ ಅಲ್ಲವೇ?
— ಓದುಗರೊಬ್ಬರು, ಕಾರವಾರ

ಉತ್ತರ: ಅಲ್ಲ, ಉಚ್ಚಾರಣೆಯ ದೃಷ್ಟಿಯಿಂದ ಅವು ಮಹಾಪ್ರಾಣಕ್ಕೆ ಬಹುಮಟ್ಟಿಗೆ ವಿರುದ್ಧವಾದವು. ‘ಖ’ ಎನ್ನುವಾಗ ಸ್ವರತಂತುಗಳು ತೆರೆದಿದ್ದು, ಶ್ವಾಸಕೋಶದ ಗಾಳಿ ರಭಸದಿಂದ ಹೊರಬರುತ್ತದೆ. ಎಜೆಕ್ಟಿವ್ ‘ಕ’ದಲ್ಲಿ ಸ್ವರತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ನಾಲಿಗೆಯ ಹಿಂಭಾಗ ಬಾಯಿಯ ದಾರಿಯನ್ನು ತಡೆಯುತ್ತದೆ, ಆಗ ಧ್ವನಿಪೆಟ್ಟಿಗೆ ಮೇಲಕ್ಕೇರಿ, ಈ ಎರಡು ತಡೆಗಳ ನಡುವೆ ಸಿಕ್ಕಿಕೊಂಡ ಗಾಳಿಯನ್ನು ಸೈಕಲ್ ಪಂಪಿನ ದಂಡದಂತೆ ಒತ್ತುತ್ತದೆ. ನಾಲಿಗೆ ಸರಿದೊಡನೆ ಆ ಗಾಳಿ ಟಪ್ಪೆಂದು ಸಿಡಿಯುತ್ತದೆ. ಉಸಿರು ಬಿಗಿಹಿಡಿದು ‘ಕ್’ ಎನ್ನಲು ಯತ್ನಿಸಿದರೆ ನಿಮಗೂ ಅದರ ಅಂದಾಜು ಸಿಗುತ್ತದೆ.

ನವಾಹೊ ಅಥಬಾಸ್ಕನ್ ಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಭಾಷೆಗಳು ಅಲಾಸ್ಕ, ಕೆನಡಾದ ವಾಯವ್ಯ ಭಾಗ ಮತ್ತು ಅಮೆರಿಕದ ನೈಋತ್ಯದಲ್ಲಿ ಹರಡಿವೆ. ನವಾಹೊದಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ಎಜೆಕ್ಟಿವ್ ಮೂರೂ ಅರ್ಥಭೇದ ಮಾಡುತ್ತವೆ. ಬಾಯಿಯ ತಡೆ ಬಿಟ್ಟ ಮೇಲೂ ಗಂಟಲಿನ ತಡೆ ಸ್ವಲ್ಪ ಹೊತ್ತು ಉಳಿಯುವುದರಿಂದ, ಸಿಡಿತಕ್ಕೂ ಮುಂದಿನ ಸ್ವರಕ್ಕೂ ನಡುವೆ ಸ್ಪಷ್ಟವಾದ ಮೌನವಿರುತ್ತದೆ. ನೈಜೀರಿಯಾದ ಹೌಸಾ ಭಾಷೆಯಲ್ಲಿ ಈ ಅಂತರ ಬಹಳ ಕಿರಿದು. ಆದ್ದರಿಂದ ‘ಎಜೆಕ್ಟಿವ್’ ಎಂಬ ಒಂದೇ ಹೆಸರು ನಾನಾ ಬಗೆಯ ಉಚ್ಚಾರಗಳನ್ನು ಒಳಗೊಂಡಿದೆ.

ನನಗೆ ಹೆಚ್ಚು ಕುತೂಹಲಕರವೆನಿಸುವುದು ಇವುಗಳ ಇತಿಹಾಸ. ಅಥಬಾಸ್ಕನ್ ಭಾಷೆಗಳೆಲ್ಲ ಹುಟ್ಟಿದ ಮೂಲಭಾಷೆಯಲ್ಲಿ ಧಾತುವಿನ ಕೊನೆಗಿದ್ದ ಗಂಟಲ ಬಿಗಿತವು ಈ ಕುಟುಂಬದ ಹಲವು ಭಾಷೆಗಳಲ್ಲಿ ಸವೆದು, ಹಿಂದಿನ ಸ್ವರದ ಮೇಲೆ ಸ್ಥಾಯಿಭೇದವಾಗಿ, ಅಂದರೆ ದನಿಯ ಎತ್ತರ-ತಗ್ಗಿನ ವ್ಯತ್ಯಾಸವಾಗಿ, ಉಳಿಯಿತು. ವಿಚಿತ್ರವೆಂದರೆ, ಇದೇ ಕುಟುಂಬದ, ಕೆನಡಾದ ಚಿಪೆವಯನ್ ಭಾಷೆಯಲ್ಲಿ ಅದು ಉಚ್ಚಸ್ಥಾಯಿಯಾದರೆ ನವಾಹೊದಲ್ಲಿ ತಗ್ಗುಸ್ಥಾಯಿಯಾಯಿತು.