ಕಟ್ಟಡ ಬಿದ್ದರೆ ಭಾನುವಾರದ ತರಗತಿಯೂ ನಿಲ್ಲಬೇಕೆ?

ಪ್ರಶ್ನೆ: ಮುಂಬಯಿಯ ಉಪನಗರದಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘ. ಭಾನುವಾರ ಸುಮಾರು 30 ಮಕ್ಕಳಿಗೆ ಕನ್ನಡ ಓದು-ಬರಹ ಕಲಿಸುತ್ತೇವೆ. ಈಗ ಕಟ್ಟಡ ರೀಡೆವಲಪ್‌ಮೆಂಟ್‌ಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುತ್ತಿದೆ. ದೊಡ್ಡ ದಾನಿಯೊಬ್ಬರು ತೀರಿಹೋದರು. "ಹೊಸ ಹಾಲ್ ಸಿಗುವವರೆಗೆ ತರಗತಿ ನಿಲ್ಲಿಸೋಣ, ಯಕ್ಷಗಾನ, ಸನ್ಮಾನ ಇಟ್ಟುಕೊಂಡರೆ ಜನವೂ ಬರುತ್ತಾರೆ, ದುಡ್ಡೂ ಬರುತ್ತದೆ" ಎಂದು ಸಮಿತಿಯ ಅರ್ಧ ಜನ ಹೇಳುತ್ತಾರೆ. ಏನೂ ಖಚಿತವಿಲ್ಲದ ಈ ಹೊತ್ತಿನಲ್ಲಿ ಅಧ್ಯಕ್ಷೆಯಾಗಿ ಧ್ಯೇಯ ಬಿಡದೆ ನಿಲ್ಲುವುದು ಹೇಗೆ?

ಮೊದಲು ಕಪಾಟಿನಿಂದ ಸಂಘದ ನಿಯಮಾವಳಿ ಹೊರತೆಗೆದು "ಉದ್ದೇಶಗಳು" ಎಂಬ ಪುಟ ಓದಿ. ಎಷ್ಟೋ ಸಂಘಗಳಲ್ಲಿ ಅದನ್ನು ನೋಂದಣಿಯ ದಿನ ಓದಿದ್ದೇ ಕೊನೆ. ಕನ್ನಡ ಕಲಿಸುವುದು ಅಲ್ಲಿ ಬರೆದಿದ್ದರೆ ವಾದ ನಿಮ್ಮ ಹಟದ್ದಾಗಿ ಉಳಿಯುವುದಿಲ್ಲ, ಸಂಘದ್ದಾಗುತ್ತದೆ. ಅದನ್ನು ಬದಲಿಸಬೇಕೆನ್ನುವವರಿಗೆ 1860ರ ಸೊಸೈಟಿ ನೋಂದಣಿ ಕಾಯ್ದೆಯ 12ನೇ ಕಲಮಿನ ದಾರಿ ಇದೆ: ಲಿಖಿತ ಪ್ರಸ್ತಾವ 10 ದಿನ ಮುಂಚೆ ಸದಸ್ಯರಿಗೆ ಹೋಗಬೇಕು, ವಿಶೇಷ ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ ಬೀಳಬೇಕು, ಒಂದು ತಿಂಗಳು ಬಿಟ್ಟು ಇನ್ನೊಂದು ವಿಶೇಷ ಸಭೆ ಅಷ್ಟೇ ಬಹುಮತದಿಂದ ಅದನ್ನು ಖಾಯಂ ಮಾಡಬೇಕು. ಏಳು ಜನ ಚಹಾ ಕುಡಿಯುತ್ತ ಮುಗಿಸುವ ಕೆಲಸವಲ್ಲ. "ಸದ್ಯಕ್ಕೆ ನಿಲ್ಲಿಸೋಣ" ಎಂಬ ಮಾತು ಈ ಬಾಗಿಲು ಬಿಟ್ಟು ಹಿತ್ತಲಿನಿಂದ ಹೋಗುವ ಉಪಾಯ.

ಆ "ಸದ್ಯಕ್ಕೆ" ಎಷ್ಟು ಉದ್ದ ಅಂತ ಸಮಿತಿಯ ಮುಂದೆ ಲೆಕ್ಕ ಹಾಕಿ ತೋರಿಸಿ. ಬಿಲ್ಡರ್ ಮೂರು ವರ್ಷ ಎಂದರೆ ನೀವು ಐದು ಅಂತ ಹಿಡಿಯಿರಿ. ಇವತ್ತು ಎಂಟು ವರ್ಷದ ಮಗುವಿಗೆ ಹೊಸ ಹಾಲಿನ ಬೀಗ ತೆಗೆಯುವ ದಿನ 13. ಅಷ್ಟು ಹೊತ್ತಿಗೆ ಅದು ಕೋಚಿಂಗ್ ಕ್ಲಾಸಿನ ಪಾಲಾಗಿರುತ್ತದೆ. ಅಂದರೆ ನಿಲ್ಲಿಸುವುದು ತರಗತಿಯನ್ನಲ್ಲ, ಒಂದು ಇಡೀ ತಂಡದ ಮಕ್ಕಳನ್ನು ಕೈಬಿಡುವುದು.

ನಂತರ ಧ್ಯೇಯವನ್ನು ಒಂದು ವಾಕ್ಯಕ್ಕೆ ಇಳಿಸಿ, ಪರೀಕ್ಷಿಸಿ ನೋಡಲು ಬರುವಂತಿರಲಿ. "ಕನ್ನಡ ನಾಡು-ನುಡಿಯ ಸೇವೆ" ಎಂದು ಬರೆದರೆ ಸನ್ಮಾನವೂ ಸೇವೆಯೇ, ಹಳದಿ-ಕುಂಕುಮವೂ ಸೇವೆಯೇ. "ಎರಡು ವರ್ಷ ಬಂದ ಮಗು ಊರಿನ ಅಜ್ಜಿಗೆ ಒಂದು ಪುಟ ಕಾಗದವನ್ನು ತಾನೇ ಬರೆಯಬೇಕು" ಎಂದು ಬರೆಯಿರಿ. ಈಗ ಹಾಲ್, ಕರಿಹಲಗೆ, ಭಾನುವಾರ, ಬೆಳಗಿನ 11 ಗಂಟೆ ಎಲ್ಲವೂ ರೂಢಿ ಮಾತ್ರ ಎಂಬುದು ಕಾಣುತ್ತದೆ. ರೂಢಿಯನ್ನು ಎಷ್ಟು ಬೇಕಾದರೂ ಸಡಿಲ ಬಿಡಿ. ಈ ಊರಿನ ಕನ್ನಡ ರಾತ್ರಿ ಶಾಲೆಗಳು ಬೆಳೆದದ್ದೇ ಹಾಗೆ. ಹಗಲಿಡೀ ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಬಿಡುವು ರಾತ್ರಿ ಮಾತ್ರ, ಹಾಗಾಗಿ ಶಾಲೆಯೇ ರಾತ್ರಿಗೆ ಬಂತು.

ಜಾಗದ ವಿಷಯಕ್ಕೆ ಬಂದರೆ, ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿಗೆ ಜನ ಬರುವ ಮೊದಲು, ಸುಮಾರು ಮೂರೂವರೆಯಿಂದ ಐದರವರೆಗೆ, ನಮ್ಮವರ ಹೋಟೆಲುಗಳ ಮೇಲಿನ ಫ್ಯಾಮಿಲಿ ರೂಮ್ ಖಾಲಿ ಇರುತ್ತದೆ. ಮಾಲೀಕರನ್ನು ಕೇಳಿ, ಆದರೆ ಪುಕ್ಕಟೆ ಕೇಳಬೇಡಿ. ಪುಕ್ಕಟೆ ಜಾಗ ಮದುವೆ ಸೀಸನ್ನಿನಲ್ಲಿ ಮೊದಲು ಕೈತಪ್ಪುತ್ತದೆ. ಮಂದಿರದ ಸಭಾಂಗಣವಾದರೆ ಹಬ್ಬದ ಭಾನುವಾರಗಳ ಪಟ್ಟಿ ಮೊದಲೇ ಪಡೆದಿಡಿ. ಯಾರದಾದರೂ ಮನೆಯಲ್ಲಾದರೆ ಆ ಕಟ್ಟಡದ ಹೌಸಿಂಗ್ ಸೊಸೈಟಿಯ ಒಪ್ಪಿಗೆ ಕಾಗದದಲ್ಲಿರಲಿ. ಇನ್ನೊಂದು, ಮೆಗಾಬ್ಲಾಕ್. ಹಳಿ ದುರಸ್ತಿಗೆಂದು ಭಾನುವಾರ ಸುಮಾರು 11ರಿಂದ 4ರವರೆಗೆ ಲೋಕಲ್ ಗಾಡಿಗಳು ಏರುಪೇರಾಗುತ್ತವೆ. ಜಾಗ ಬದಲಾದ ಮೇಲೆ ಎರಡು ಸ್ಟೇಷನ್ ಆಚೆಯಿಂದ ಬರುವ ಮಕ್ಕಳು ಹೆಚ್ಚಿದ್ದರೆ ಬೆಳಿಗ್ಗೆ ಒಂಬತ್ತಕ್ಕೋ ಶನಿವಾರ ಸಂಜೆಗೋ ಹೋಗಿ. ಹಾಜರಿ ಇಳಿದದ್ದಕ್ಕೆ "ಆಸಕ್ತಿಯಿಲ್ಲ" ಎನ್ನುವ ಮೊದಲು ರೈಲಿನ ವೇಳೆ ನೋಡಬೇಕು.

ದುಡ್ಡಿನ ಲೆಕ್ಕ ಇಷ್ಟೇ, ಅಂಕಿಗಳು ಉದಾಹರಣೆಗೆ. ಇಬ್ಬರು ಶಿಕ್ಷಕಿಯರಿಗೆ ದಿನಕ್ಕೆ 500ರಂತೆ ನಾಲ್ಕು ವಾರಕ್ಕೆ 4,000, ಜಾಗಕ್ಕೆ 4,000, ಝೆರಾಕ್ಸ್-ಪುಸ್ತಕ 1,200, ಬಿಸ್ಕತ್ತು ಇತ್ಯಾದಿ 800. ಒಟ್ಟು ತಿಂಗಳಿಗೆ 10,000, ವರ್ಷಕ್ಕೆ 1,20,000. ಈ ಮೊತ್ತವನ್ನು ಸಂಘದ ಸಾಮಾನ್ಯ ಖಾತೆಯಿಂದ ಎತ್ತಿ 30,000ದ ನಾಲ್ಕು ಎಫ್‌ಡಿ ಮಾಡಿಸಿ: ಒಂದು 3 ತಿಂಗಳಿಗೆ, ಒಂದು 6ಕ್ಕೆ, ಒಂದು 9ಕ್ಕೆ, ಒಂದು 12ಕ್ಕೆ. ಒಂದೇ ದೊಡ್ಡ ಎಫ್‌ಡಿ ಇಟ್ಟರೆ ಮೊದಲ ತಾಪತ್ರಯಕ್ಕೇ ಮುರಿಯುತ್ತಾರೆ. ತರಗತಿಯ ಈ ಖರ್ಚುಗಳನ್ನು ಬಿಟ್ಟು ಬೇರೆಯದಕ್ಕೆ ಇದನ್ನು ಮುಟ್ಟುವಂತಿಲ್ಲ ಎಂದು ಠರಾವು ಮಾಡಿ. ತೀರಿಹೋದ ದಾನಿಯ ಹಳೆಯ ಪತ್ರಗಳನ್ನೂ ಹುಡುಕಿ. ಮೂಲನಿಧಿಗೆ, ಮಕ್ಕಳ ತರಗತಿಗೆ ಎಂದು ಅವರು ಬರೆದುಕೊಟ್ಟಿದ್ದರೆ ಆ ಹಣವನ್ನು ಕಾರ್ಯಕ್ರಮಕ್ಕೆ ತಿರುಗಿಸಲಾಗದು.

ಯಕ್ಷಗಾನ ಬೇಡವೆನ್ನಬೇಡಿ, ಅದು ಬೇಕು. "ದುಡ್ಡು ಬರುತ್ತದೆ" ಎಂಬ ಮಾತನ್ನು ಮಾತ್ರ ಪರೀಕ್ಷಿಸಿ. ಹಿಂದಿನ ವಾರ್ಷಿಕೋತ್ಸವದ ಚೀಟಿಗಳನ್ನು ಮೇಜಿನ ಮೇಲೆ ಹರಡಿ: ಹಾಲ್, ಮೈಕು, ಮೇಳದ ಖರ್ಚು, ಶಾಲು, ಹಾರ, ಸ್ಮರಣಿಕೆ, ಊಟ. ಸ್ಮರಣ ಸಂಚಿಕೆಯ ಜಾಹೀರಾತುಗಳಲ್ಲಿ ಒಪ್ಪಿದ್ದೆಷ್ಟು, ಕೈಗೆ ಬಂದದ್ದೆಷ್ಟು ಎಂದು ಎರಡು ಕಾಲಮು ಮಾಡಿ. ಎರಡರ ನಡುವೆ ಆರು ತಿಂಗಳ ಫೋನ್ ಕರೆಗಳು ಇರುತ್ತವೆ. ಉಳಿತಾಯ ನಿಜವಾಗಿ ಇದ್ದರೆ ಅದರ ಅರ್ಧ ತರಗತಿ ನಿಧಿಗೆ ಎಂದು ಮೊದಲೇ ಒಪ್ಪಿಸಿ. ಆಗ ಯಕ್ಷಗಾನದವರು ನಿಮ್ಮ ಎದುರು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾರೆ.

ಅನೇಕರು ಎಡವುವುದು ಸಹಿಯ ವಿಷಯದಲ್ಲಿ. ಪದಾಧಿಕಾರಿಗಳು ಬದಲಾದರೆ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 22ನೇ ಕಲಮಿನಂತೆ 90 ದಿನದೊಳಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಸಲ್ಲಿಸಬೇಕು. ಅದನ್ನು ಮರೆತ ಸಂಘದ ದಾಖಲೆಯಲ್ಲಿ ಇನ್ನೂ ಹಳೆಯ ಅಧ್ಯಕ್ಷರ ಹೆಸರೇ ಇರುತ್ತದೆ. ಬಿಲ್ಡರ್ ಕರಾರು ಮುಂದಿಟ್ಟಾಗ ಸಹಿ ಹಾಕುವವರು ಯಾರು ಎಂದು ತಿಂಗಳುಗಟ್ಟಲೆ ಜಗಳ. ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿಯಿಂದ ಷೆಡ್ಯೂಲ್ 1ರ, ಅಂದರೆ ಸಂಘದ ಹೊಣೆಗಾರರ ಹೆಸರು, ಆಸ್ತಿ ನಮೂದಾದ ದಾಖಲೆಯ, ಹೊಸ ಪ್ರತಿ ಈಗಲೇ ತನ್ನಿ. ಜಾಗ ಸಂಘದ ಹೆಸರಲ್ಲಿದ್ದರೆ ಮಾರಾಟ, ಅದಲುಬದಲು, ಮೂರು ವರ್ಷ ಮೀರಿದ ಗುತ್ತಿಗೆ ಇವಕ್ಕೆ ಅದೇ ಕಾಯ್ದೆಯ 36ನೇ ಕಲಮಿನಡಿ ಆಯುಕ್ತರ ಪೂರ್ವಾನುಮತಿ ಬೇಕು. ನಿಮ್ಮ ಕರಾರು ಅದರೊಳಗೆ ಬರುತ್ತದೆಯೇ ಎಂದು ಟ್ರಸ್ಟ್ ಕೆಲಸ ಬಲ್ಲ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಗಾಳಿಮಾತಿಗೆ ಜಾಗ ಬಿಡಬೇಡಿ. ನೀವು ಸುಮ್ಮನಿದ್ದರೆ "ಅಧ್ಯಕ್ಷೆ ಬಿಲ್ಡರ್ ಜೊತೆ ಸೆಟ್ಟಿಂಗ್" ಎಂಬ ಸುದ್ದಿ ತಾನಾಗಿ ಹುಟ್ಟುತ್ತದೆ. ತಿಂಗಳ ಮೊದಲ ಭಾನುವಾರ ವಾಟ್ಸಾಪ್‌ಗೆ ಮೂರು ಸಾಲು ಹಾಕಿ: ಗೊತ್ತಿರುವುದು, ಗೊತ್ತಿಲ್ಲದ್ದು, ಮುಂದೆ ಯಾವಾಗ ಹೇಳುತ್ತೇನೆ. ಹೊಸದೇನೂ ಇಲ್ಲದಿದ್ದರೂ ಹಾಕಿ.

ಯಾವಾಗ ಏನು ಬಿಟ್ಟುಕೊಡುತ್ತೀರಿ ಎಂಬುದನ್ನೂ ತಲೆ ತಣ್ಣಗಿರುವಾಗ ಬರೆದಿಡಿ. ನಿಧಿ ನಾಲ್ಕು ತಿಂಗಳ ಖರ್ಚಿಗೆ ಇಳಿದರೆ ಮೊದಲು ನಿಲ್ಲುವುದು ವಾರ್ಷಿಕೋತ್ಸವ. ಸತತ ಆರು ವಾರ ಹಾಜರಿ 12ಕ್ಕಿಂತ ಕಡಿಮೆಯಾದರೆ ಎರಡು ವಿಭಾಗ ಒಂದಾಗುತ್ತವೆ. ಜಾಗ, ಸಮಯ ಎರಡನ್ನೂ ಬದಲಿಸಿದ ಮೇಲೂ ಒಂದು ಶೈಕ್ಷಣಿಕ ವರ್ಷ ಐದಾರು ಮಕ್ಕಳೇ ಬಂದರೆ, ಆಗ ಉದ್ದೇಶವನ್ನೇ ಮರುಯೋಚಿಸುವ ವಿಶೇಷ ಸಭೆ ಕರೆಯಿರಿ. ಆ ಸಭೆಯನ್ನು ನೀವೇ ಕರೆಯುತ್ತೀರಿ ಎಂಬುದು ಗೊತ್ತಿದ್ದರೆ ಎದುರಾಳಿಗಳೂ ನಿಮ್ಮನ್ನು ಹಟಮಾರಿ ಎನ್ನುವುದಿಲ್ಲ.

ಜಾಗ ಖಾಲಿ ಮಾಡುವ ಮುನ್ನ ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ರಸೀದಿ ಪ್ರತಿಗಳನ್ನು ಸ್ಕ್ಯಾನ್ ಮಾಡಿಸಿ. ಮೂಲಪ್ರತಿ ಕಾರ್ಯದರ್ಶಿಯ ಮನೆಯಲ್ಲಿ, ಪೆನ್‌ಡ್ರೈವ್ ಖಜಾಂಚಿಯ ಮನೆಯಲ್ಲಿ ಇರಲಿ. ಕಪಾಟನ್ನು ಟೆಂಪೋಗೆ ಏರಿಸುವ ದಿನ ಇವು ಹಳೆ ಪೇಪರಿನ ಜೊತೆ ರದ್ದಿವಾಲಾನ ತಕ್ಕಡಿಗೆ ಹೋಗುವುದು ಅಪರೂಪವೇನಲ್ಲ.