ಏಳನೇ ಕ್ಲಾಸಿಗೇ ಕೋಡಿಂಗ್ ಕ್ಲಾಸ್ ಬೇಕಾ?

ಏಳನೇ ಕ್ಲಾಸಿನ ಮಗಳು ಮೊಬೈಲ್ ಗೇಮ್ ಬಿಡುತ್ತಿಲ್ಲ, ದುಡ್ಡು ಕಟ್ಟಿ ಕೋಡಿಂಗ್ ಕ್ಲಾಸಿಗೆ ಸೇರಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಸ್ಕ್ರ್ಯಾಚ್ ಹಾಕಿಕೊಡಿ, ಅದು ಬಣ್ಣಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಮಕ್ಕಳು ಕೋಡಿಂಗ್ ಕಲಿಯುವ ಸಾಫ್ಟ್‌ವೇರ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದದ್ದು, ಪೂರ್ತಿ ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಕೂಡ ಬೇಕಿಲ್ಲ. ಬೆಕ್ಕು ಚೆಂಡು ಹಿಡಿಯುವ ಆಟ ಮಾಡು ಅನ್ನಿ. ಚೆಂಡು ತಾಗಿದ್ದು ಒಂದೇ ಸಲ, ಸ್ಕೋರ್ ಮಾತ್ರ ಸರಸರ ಏರಿಬಿಡುತ್ತದೆ, ಯಾಕಂದ್ರೆ ಒಳಗಿಟ್ಟ ಕೆಲಸವನ್ನು ನಿಲ್ಲಿಸದೆ ಮಾಡಿಸುವ ಫಾರೆವರ್ ಬ್ಲಾಕ್, ಚೆಂಡು ತಾಗಿಕೊಂಡಿರುವಷ್ಟು ಹೊತ್ತೂ ಮತ್ತೆ ಮತ್ತೆ ಎಣಿಸುತ್ತಲೇ ಇರುತ್ತದೆ. ಅಲ್ಲಿ ನೀವು ಬಾಯಿ ಹಾಕಬೇಡಿ. ತಾಗಿದ ಕೂಡಲೇ ಚೆಂಡನ್ನು ಬೇರೆ ಕಡೆ ಕಳಿಸಬೇಕು ಅಂತ ಅವಳೇ ಕಂಡುಕೊಳ್ಳಲಿ, ನಿಜವಾದ ಕಲಿಕೆ ಅದೇ ಅಲ್ವಾ? ಗೇಮ್ ಹುಚ್ಚಿಗೆ ಸುಮ್ನೆ ಬೈಯಬೇಡಿ, ಇಲ್ಲಿ ಅದೇ ಉಪಯೋಗಕ್ಕೆ ಬರುತ್ತದೆ. ಟೈಪ್ ಮಾಡಿ ಕೋಡ್ ಬರೆಯುವ ಪೈಥಾನ್ ಭಾಷೆ ಆಮೇಲೆ ಶುರು ಮಾಡಬಹುದು, ಅದರಲ್ಲಿ ವೇರಿಯಬಲ್ (ಸ್ಕೋರ್‌ನಂಥ ಬೆಲೆಯನ್ನು ಇಟ್ಟುಕೊಳ್ಳುವ ಜಾಗ) ಹೆಸರನ್ನು ಕನ್ನಡದಲ್ಲೂ ಇಡಬಹುದು.